ಹೊಳೆಯ ಉಸುಕು ಯಾರ ಸ್ವತ್ತು?

‘ಉಸುಕಿಗೇನ್ರೀ ಅಕ್ಕೋರೆ, ಹೊಳಿ ಇರೋತನಕ ಉಸುಕು ಬರ್ತಾನೇ ಇರ್ತದ.’

2013ರಲ್ಲಿ ನಮ್ಮ ಮನೆ ಕಟ್ಟಿದ ಗೌಂಡಿ ಹೀಗೆಂದಾಗ ನಾನು ಹೌದೆಂದು ತಲೆಯಾಡಿಸಿದ್ದೆ. ಗುಲ್ಬರ್ಗಾಕ್ಕೆ ಆಗಿನ್ನೂ ಸರ್ಕಾರಿ ಕಾಗದದಲ್ಲಿ ಕಲಬುರಗಿ ಎಂಬ ಹೆಸರು ಬಂದಿರಲಿಲ್ಲ. ರಾತ್ರಿ ಎರಡರ ಹೊತ್ತಿಗೆ ಬಾಗಿಲ ಮುಂದೆ ಉಸುಕು ಸುರಿದು ಹೋಗುತ್ತಿದ್ದ ಟಿಪ್ಪರ್ ಎಲ್ಲಿಂದ ಬಂತು, ಹಗಲು ಹೊತ್ತು ಯಾಕೆ ಬರುವುದಿಲ್ಲ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ಎದ್ದು ಒಂದು ಹಿಡಿ ಎತ್ತಿ ನೋಡಿ, ‘ಮಣ್ಣಿಲ್ಲ, ಛಲೋ ಅದ’ ಎಂದು ಹಣ ಎಣಿಸಿಕೊಟ್ಟೆ. ಆ ಮನೆಯಲ್ಲೇ ಕುಳಿತು ಈಗ ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ಈ ಬರಹದಲ್ಲಿ ಬೈಗುಳವೇನಾದರೂ ಕಂಡರೆ ಅದರ ಮೊದಲ ಪಾಲು ನನ್ನದೇ ಎಂದು ತಿಳಿಯಿರಿ.

ನನ್ನ ಕಣ್ಣು ತೆರೆಸಿದ್ದು ಹೋದ ಬೇಸಿಗೆಯಲ್ಲಿ ಘತ್ತರಗಿಯ ಹೊಳೆದಂಡೆಯ ಮೇಲೆ ಕಳೆದ ಒಂದು ದಿನ. ಘತ್ತರಗಿ ಎಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಭಾಗ್ಯವಂತಿ. ಅಮಾವಾಸ್ಯೆ ಬಂತೆಂದರೆ ಅಫಜಲಪುರ, ಆಳಂದ, ಜೇವರ್ಗಿ ಕಡೆಯಿಂದಲ್ಲದೆ ಮಹಾರಾಷ್ಟ್ರದಿಂದಲೂ ಜನ ಬಂದು ಭೀಮೆಯಲ್ಲಿ ಮುಳುಗಿ ತಾಯಿಯ ಗುಡಿಗೆ ನಡೆಯುತ್ತಾರೆ. ತಂಗಿಯ ಮಗ ಹತ್ತನೆಯ ತರಗತಿ ಪಾಸಾದ ಹರಕೆ ತೀರಿಸಲು ನಾವೂ ಹೋಗಿದ್ದೆವು. ಹುಡುಗನ ಧ್ಯಾನವೆಲ್ಲ ಹೊಳೆಯ ಮೇಲೆ. ‘ದೊಡ್ಡವ್ವ, ಒಂದಿನ ಗಾಳ ಹಾಕೂಣು’ ಎಂದು ದುಂಬಾಲು ಬಿದ್ದ. ಗಾಳ ಹಾಕುವುದೆಂದರೆ ಕೆಲಸವಿಲ್ಲದ ಗಂಡಸರ ಸೋಮಾರಿತನ ಎಂದು ತಿಳಿದವಳು ನಾನು. ಆದರೂ ಮರುದಿನ ನಸುಕಿನಲ್ಲಿ ಅವನ ಹಿಂದೆ ಹೊರಟೆ.

ಬ್ಯಾರೇಜಿನ ಕೆಳಗೆ ನೀರು ಇಳಿದು ಉಸುಕು ಬಿದ್ದ ಕಡೆ ಒಬ್ಬ ಮುದುಕಿ ಆಗಲೇ ಕುಳಿತಿದ್ದಳು. ಎಪ್ಪತ್ತರ ವಯಸ್ಸು, ಕಬ್ಬಲಿಗರ ಮನೆಯವಳು. ‘ಅಂಬಿಗರ ಚೌಡಯ್ಯನ ಕುಲ ನಮ್ಮದು, ಹೊಳಿ ಬಿಟ್ಟು ಎಲ್ಲಿಗಿ ಹೋಗಲಿ?’ ಎಂದು ನಕ್ಕಳು. ಅವಳ ಸಾಮಾನು ಇಷ್ಟೇ: ಕಟ್ಟಿಗೆಯ ತುಂಡಿಗೆ ಸುತ್ತಿದ ದಾರ, ಒಂದು ಸೀಸದ ಗುಂಡು, ಎರಡು ಗಾಳ, ತೆಂಗಿನ ಚಿಪ್ಪಿನಲ್ಲಿ ಎರೆಹುಳ, ಸೆರಗಿನ ಗಂಟಿನಲ್ಲಿ ಕಲಸಿದ ಹಿಟ್ಟು. ಜೋಳದ ದಂಟಿನ ಬೆಂಡು ಕಟ್ಟಿದ ಒಂದು ಬಿದಿರು ಕೋಲು ಮೊಮ್ಮಗನ ಕೈಯಲ್ಲಿತ್ತು.

ನಮ್ಮ ಹುಡುಗ ಎಲ್ಲೆಂದರಲ್ಲಿ ಗಾಳ ಎಸೆಯುತ್ತಿದ್ದುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ‘ನೀರ ನೋಡಬ್ಯಾಡೋ ತಮ್ಮಾ, ಉಸುಕು ನೋಡು’ ಎಂದಳು. ಉಸುಕು ನಿಧಾನ ಇಳಿಜಾರಾಗಿ ನೀರಿಗೆ ಇಳಿಯುವ ಕಡೆ ತೆಳು ನೀರು ಬೇಗ ಕಾಯುತ್ತದೆ, ಮರಿಗಳು ಅಲ್ಲಿ ಮೇಯುತ್ತವೆ. ಮರಿ ಇದ್ದಲ್ಲಿ ಅವನ್ನು ತಿನ್ನುವ ದೊಡ್ಡ ಮೀನು ಆಚೆಯ ಆಳದಲ್ಲಿ ಹೊಂಚುತ್ತದೆ. ಗಾಳ ಬೀಳಬೇಕಾದದ್ದು ತೆಳು ನೀರು ಮುಗಿದು ಆಳ ಶುರುವಾಗುವ ಅಂಚಿನಲ್ಲಿ. ತಿಳಿನೀರಿನ ತಳದಲ್ಲಿ ತಾಟಿನಷ್ಟು ಅಗಲದ ದುಂಡು ಗುಣಿಗಳನ್ನು ತೋರಿಸಿದಳು. ಚಿಲಾಪಿಯ ಗಂಡುಮೀನು ಉಸುಕು ಕೆದರಿ ಮಾಡಿಕೊಂಡ ಗೂಡು ಅವು. ಚಿಲಾಪಿ ನಮ್ಮ ಹೊಳೆಯ ಮೂಲ ಮೀನಲ್ಲ, ಆಫ್ರಿಕಾದ್ದು. 1952ರಲ್ಲಿ ಭಾರತಕ್ಕೆ ತಂದದ್ದು. ಎಂಥ ಕೊಳಕು ನೀರಿನಲ್ಲೂ ಬದುಕುವ ಮೊಂಡು ಜಾತಿ. ಅಂಥದ್ದಕ್ಕೂ ಸಂಸಾರ ಹೂಡಲು ತೆಳು ನೀರಿನ ಒಂದು ನೆಲ ಬೇಕು.

ಬಿಸಿಲೇರುವುದರೊಳಗೆ ಎರಡು ಚಿಲಾಪಿ ಸಿಕ್ಕವು. ಆಮೇಲೆ ಬೆಂಡು ಅಲುಗಲಿಲ್ಲ. ಬಾಯಾರಿದಾಗ ಮುದುಕಿ ನೀರಂಚಿನಿಂದ ಹತ್ತು ಹೆಜ್ಜೆ ದೂರ ಕೈಯಿಂದಲೇ ಉಸುಕು ತೋಡಿ ವರತಿ ಮಾಡಿದಳು. ಮೊದಲು ಬಂದ ಕದಡು ನೀರನ್ನು ಮೊಗೆದು ಚೆಲ್ಲಿದಳು. ಮೂರನೆಯ ಸಲ ತಿಳಿನೀರು ಜಿನುಗಿತು. ‘ನಳ ಬರೂಕಿಂತ ಮೊದಲ ಊರ ಹೆಣ್ಮಕ್ಕಳೆಲ್ಲ ಇಲ್ಲೇ ಕೊಡ ತುಂಬತಿದ್ದೆವು’ ಎಂದಳು. ಉಸುಕಿನ ರಾಶಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಾಳುಗಳ ನಡುವಿನ ಸಂದು. ಹೊಳೆ ತನ್ನ ನೀರನ್ನು ಬೇಸಿಗೆಗೆಂದು ಅಡಗಿಸಿಡುವುದು ಆ ಸಂದಿನಲ್ಲಿ. ನಾವು ಲೋಡುಗಟ್ಟಲೆ ತಂದು ಗೋಡೆಗೆ ಮೆತ್ತುವುದು ಈ ಉಗ್ರಾಣವನ್ನೇ.

ಮಧ್ಯಾಹ್ನ ಹುಡುಗನ ಗಾಳ ನೀರೊಳಗೆ ಏನಕ್ಕೋ ಸಿಕ್ಕಿಕೊಂಡಿತು. ಬಿಡಿಸಲೆಂದು ಇಳಿದ. ಮೊಣಕಾಲು ನೀರು, ನಾನು ಸುಮ್ಮನೆ ನೋಡುತ್ತಿದ್ದೆ. ‘ಏ, ಆ ಕಡಿ ಹೋಗಬ್ಯಾಡ! ತೆಗ್ಗದ!’ ಎಂದು ಮುದುಕಿ ಚೀರುವಷ್ಟರಲ್ಲಿ ಅವನು ಎದೆಮಟ್ಟ ಇಳಿದಿದ್ದ. ಕಾಲಡಿಯ ಉಸುಕು ಜಾರುತ್ತಿತ್ತು. ಮೊಮ್ಮಗ ಓಡಿಹೋಗಿ ಬಿದಿರು ಕೋಲು ಚಾಚಿದ. ನಾವಿಬ್ಬರು ಹೆಂಗಸರು ಆ ಹುಡುಗನ ನಡು ಹಿಡಿದು ಹಿಂದಕ್ಕೆ ಎಳೆದೆವು. ಕೋಲು ಮುರಿಯಲಿಲ್ಲ. ತಂಗಿಯ ಮಗ ಈಗ ಕಾಲೇಜಿಗೆ ಹೋಗುತ್ತಿದ್ದಾನೆ.

ಅದು ಹೊಳೆ ತೋಡಿದ ಗುಂಡಿಯಲ್ಲ. ಹೊಳೆಯ ಮಡು ಎಲ್ಲಿದೆ ಎಂಬುದು ದಂಡೆಯವರಿಗೆ ತಲೆಮಾರಿನಿಂದ ಗೊತ್ತು. ಇದು ಯಂತ್ರ ಅಗೆದು ಬಿಟ್ಟುಹೋದ, ಗೋಡೆಯಂತೆ ನೆಟ್ಟಗಿನ ಗುಂಡಿ. ಯಾವ ರಾತ್ರಿ ಎಲ್ಲಿ ಅಗೆದರೋ ಮುದುಕಿಗೂ ಗೊತ್ತಾಗುವುದಿಲ್ಲ. ದಿನಾ ಬೆಳಿಗ್ಗೆ ಕೋಲಿನಿಂದ ತಳ ಮುಟ್ಟಿ ನೋಡಿ ಮೊಮ್ಮಗನಿಗೆ ಎಲ್ಲಿಯವರೆಗೆ ಇಳಿಯಬಹುದೆಂದು ಹೇಳುತ್ತಾಳೆ. ಅಲ್ಲಿ ಮರಿಮೀನು ಮೇಯುವ ತೆಳು ನೀರಿಲ್ಲ, ಗೂಡು ಕೆದರುವ ಇಳಿಜಾರಿಲ್ಲ, ನಿಂತು ಗಾಳ ಎಸೆಯುವ ನೆಲವೂ ಇಲ್ಲ. ‘ಮೊದಲ ಮಧ್ಯಾಹ್ನದ ಒಳಗ ಬುಟ್ಟಿ ತುಂಬತಿತ್ತು. ಈಗ ಸಾರಿಗಾದ್ರ ಸಾಕು’ ಎಂದಳು.

ಈಗ ನಮ್ಮ ಸಮಾಧಾನದ ಮಾತುಗಳಿಗೆ ಬರೋಣ.

ಮೊದಲನೆಯದು ನಮ್ಮ ಗೌಂಡಿಯ ಮಾತು: ಉಸುಕು ಮತ್ತೆ ಬರುತ್ತದೆ. ಎಲ್ಲಿಂದ ಬರಬೇಕು? ಭೀಮಾಶಂಕರದಲ್ಲಿ ಹುಟ್ಟಿ ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು ನಮ್ಮಲ್ಲಿಗೆ ಬರುವ ಈ ಹೊಳೆಗೆ ಸೊಲ್ಲಾಪುರ ಜಿಲ್ಲೆಯ ಉಜನಿಯಲ್ಲಿ 1980ರಿಂದ ದೊಡ್ಡ ಆಣೆಕಟ್ಟು ಅಡ್ಡ ನಿಂತಿದೆ. ಈಚೆಗೆ ನಮ್ಮದೇ ಸೊನ್ನದ ಬ್ಯಾರೇಜು. ಗೇಟು ತೆರೆದರೆ ನೀರು ಬರುತ್ತದೆ, ಉಸುಕಿನ ಬಹುಪಾಲು ಆಣೆಕಟ್ಟಿನ ಹಿಂದೆಯೇ ಕೂರುತ್ತದೆ. 2020ರ ಅಕ್ಟೋಬರಿನಲ್ಲಿ ಮಹಾಪೂರ ಬಂದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳು ನೀರಲ್ಲಿ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಪೂರ ಬಂದಾಗಲೂ ನಾವು ತೆಗೆದಷ್ಟು ಉಸುಕನ್ನು ಅದು ತಂದುಕೊಡುವುದಿಲ್ಲ. ಸಾವಿರಾರು ವರ್ಷದ ಗಂಟನ್ನು ಒಂದೇ ತಲೆಮಾರು ಖರ್ಚು ಮಾಡುತ್ತಿದೆ.

ಎರಡನೆಯದು: ಬಡವರಿಗೆ ಕೂಲಿ ಸಿಗುತ್ತದೆ. ಬುಟ್ಟಿಯಲ್ಲಿ ಹೊತ್ತು ಬಂಡಿಗೆ ತುಂಬುತ್ತಿದ್ದ ಕಾಲದಲ್ಲಿ ಈ ಮಾತಿಗೆ ಬೆಲೆಯಿತ್ತು. ಈಗ ಜೆಸಿಬಿ ಒಂದು ತಾಸಿನಲ್ಲಿ ತುಂಬುವುದನ್ನು ನೂರು ಕೈ ದಿನವೆಲ್ಲ ತುಂಬಲಾರವು. ಕೂಲಿ ಯಾರಿಗೆ ಸಿಕ್ಕಿತು? ಅದೇ ಉಸುಕಿನ ಮೇಲೆ ಕುಳಿತು ಹೊಟ್ಟೆ ಹೊರೆಯುತ್ತಿದ್ದ ಮುದುಕಿಯ ಬುಟ್ಟಿ ಮಾತ್ರ ಖಾಲಿಯಾಯಿತು.

ಮೂರನೆಯದು: ಕಾನೂನು ನೋಡಿಕೊಳ್ಳಲಿ. ಕಾನೂನಿಗೇನೂ ಕೊರತೆಯಿಲ್ಲ. ಹೊಳೆಗೆ ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯಬಾರದೆಂದು 1897ರಲ್ಲೇ ಕಾಯ್ದೆ ಬಂತು. ಪರಿಸರದ ಅನುಮತಿಯಿಲ್ಲದೆ ಸಣ್ಣ ಜಾಗದಲ್ಲೂ ಮರಳು ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಎಷ್ಟು ಆಳ ಅಗೆಯಬೇಕು, ಯಾವಾಗ ಅಗೆಯಬಾರದು ಎಂಬ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2016ರಲ್ಲಿ ಕೊಟ್ಟಿತು. ಇಷ್ಟಾದ ಮೇಲೂ 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅದೇ ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿ ಸತ್ತರು. ಅವರ ಮನೆಯಲ್ಲೂ ದಾರಿ ಕಾಯುವವರು ಇದ್ದರು. ಸಮವಸ್ತ್ರ ತೊಟ್ಟವರನ್ನೇ ತುಳಿದುಹೋಗುವ ಉಸುಕು ನಮ್ಮ ಬಾಗಿಲಿಗೆ ಬಂದಾಗ ಮಾತ್ರ ‘ಛಲೋ ಅದ’ ಅನ್ನಿಸಿಕೊಳ್ಳುತ್ತದೆ!

ಹಾಗಾದರೆ ಮನೆ ಕಟ್ಟಬಾರದೇ ಎಂದು ನೀವು ಕೇಳಬಹುದು. ಕಟ್ಟಬೇಕು. ಸ್ವಂತ ಸೂರಿಗಾಗಿ ಹೆಣ್ಣು ಎಷ್ಟು ವರ್ಷ ಕಾಸಿಗೆ ಕಾಸು ಕೂಡಿಸುತ್ತಾಳೆಂಬುದು ನನಗೂ ಗೊತ್ತು. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಈಗ ಸಿಗುತ್ತದೆ. ಅದಕ್ಕೂ ಯಾವುದೋ ಗುಡ್ಡ ಕರಗುತ್ತದೆ, ಅದನ್ನು ಪುಣ್ಯದ ಮಾಲೆಂದು ನಾನು ಹೇಳುವುದಿಲ್ಲ. ಹೊಳೆಯ ಜೀವವನ್ನಾದರೂ ಅದು ಉಳಿಸುತ್ತದೆ. ನಮ್ಮ ಅಜ್ಜಿಯರ ಮನೆಗಳು ಶಹಾಬಾದಿನ ಕಲ್ಲು, ಮಣ್ಣು, ಸುಣ್ಣದಲ್ಲಿ ನಿಂತು ಈ ಬಿಸಿಲಲ್ಲೂ ತಂಪಾಗಿದ್ದವು. ಆಳೆತ್ತರದ ಕಂಪೌಂಡು, ಯಾರೂ ಮಲಗದ ಮಹಡಿಯ ಕೋಣೆ, ಪಕ್ಕದ ಮನೆಗಿಂತ ಒಂದು ಗೇಣು ಎತ್ತರದ ಮುಂಗಟ್ಟು: ಇವು ನೆರಳಿಗೆ ಬೇಕಾದವಲ್ಲ, ಕಣ್ಣಿಗೆ ಬೇಕಾದವು.

ನಾವು ಹೆಂಗಸರು ಅಕ್ಕಿಯಲ್ಲಿ ಕಲ್ಲು, ಹಾಲಿನಲ್ಲಿ ನೀರು ಬಿಟ್ಟವರಲ್ಲ. ತರಕಾರಿಯವಳ ಹತ್ತಿರ ಎರಡು ರೂಪಾಯಿಗೆ ಅರ್ಧ ತಾಸು ಚೌಕಾಶಿ ಮಾಡುತ್ತೇವೆ. ಸಾವಿರಾರು ರೂಪಾಯಿಯ ಉಸುಕು ಬಂದಾಗ ಯಾಕೆ ಬಾಯಿ ಕಟ್ಟುತ್ತದೆ? ಪರವಾನಗಿ ಚೀಟಿ ತೋರಿಸು ಎನ್ನಿ. ರಾತ್ರಿಯ ಲೋಡು ಇಳಿಸಬೇಡ ಎನ್ನಿ. ಕೊಳ್ಳುವವರಿಲ್ಲದ ಮಾಲನ್ನು ಯಾವ ಕಳ್ಳನೂ ಹೊರುವುದಿಲ್ಲ. ಹೊಳೆಯ ಉಸುಕು ಗುತ್ತಿಗೆದಾರನ ಸ್ವತ್ತಲ್ಲ, ನನ್ನ ನಿಮ್ಮ ಗೋಡೆಯ ಸ್ವತ್ತೂ ಅಲ್ಲ. ಅದರ ಮೇಲೆ ಕುಳಿತು ಬದುಕುವವರನ್ನು ಒಂದು ಮಾತು ಕೇಳದೆ ಅದನ್ನು ಎತ್ತುವ ಹಕ್ಕು ಯಾರಿಗೂ ಇಲ್ಲ.

ಸಂಜೆ ಹೊರಡುವಾಗ ಮುದುಕಿ ಎರಡೂ ಚಿಲಾಪಿಗಳನ್ನು ಎಲೆಯಲ್ಲಿ ಸುತ್ತಿ ಹುಡುಗನ ಕೈಗಿಟ್ಟಳು. ಹಣ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ‘ಹೊಳಿ ನಿನ್ನ ಬಿಟ್ಟು ಕೊಟ್ಟದ, ಉಂಡು ಹೋಗಪ್ಪ’ ಎಂದಳು. ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ ಹುಡುಗ ಅಫಜಲಪುರ ದಾಟಿದ ಮೇಲೆ ಕೇಳಿದ:

‘ದೊಡ್ಡವ್ವ, ನಿಮ್ಮ ಮನಿಗಿ ಉಸುಕು ಎಲ್ಲಿಂದ ತಂದಿದ್ರಿ?’

ನಾನು ಕಿಟಕಿಯ ಹೊರಗೆ ನೋಡಿದೆ.