ಕಸವೆಂದು ಕಳಿಸಿದ ಯಂತ್ರ



ಕಳೆದ ತಿಂಗಳು ನಮ್ಮ ಸಂಘದ ದಿವಂಗತ ಹಿರಿಯ ಸದಸ್ಯರೊಬ್ಬರ ಗ್ಯಾರೇಜನ್ನು ತೆರವುಗೊಳಿಸಲು ನಾವು ನಾಲ್ವರು ಸನಿವೇಲ್‌ಗೆ ಹೋಗಿದ್ದೆವು. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಒಂಬತ್ತು ಮೆಮೊರಿ ಚಿಪ್‌ಗಳು ದೊರೆತವು. ಪ್ರತಿಯೊಂದರ ಬೆನ್ನಿನ ಮೇಲೂ ಪುಟ್ಟ ಕಿಟಕಿ, ಕಿಟಕಿಗೆ ಅಂಟಿಸಿದ ಚೀಟಿ, ಚೀಟಿಯ ಮೇಲೆ ಅವರ ಕೈಬರಹದ ಕನ್ನಡ ಅಂಕಿಗಳು. 1970ರ ದಶಕದ ಕೊನೆಯಲ್ಲಿ ಅಳತೆಯ ಉಪಕರಣವೊಂದಕ್ಕಾಗಿ ಅವರು ಬರೆದ ಪ್ರೋಗ್ರಾಂ ಅವುಗಳಲ್ಲಿದೆ. ಅದರ ಕಾಗದದ ಪ್ರತಿ ಎಲ್ಲಿಯೂ ಇಲ್ಲ. ಇವನ್ನು ಓದುತ್ತಿದ್ದ ಯಂತ್ರವೆಲ್ಲಿ ಎಂದು ಕೇಳಿದೆವು. "ಆ ಭಾರದ ಪೆಟ್ಟಿಗೆಯೇ? ಹೋದ ವಾರವಷ್ಟೇ ಮರುಬಳಕೆಯ ಲಾರಿಗೆ ಹಾಕಿಸಿದೆವು" ಎಂದರು ಮನೆಯವರು. ತಪ್ಪು ಅವರದಲ್ಲ. ಹಾಗೆ ಮಾಡಿರೆಂದು ಸಲಹೆಯಿತ್ತವರು ನಮ್ಮವರೇ, ಅದೂ ಇಂಜಿನಿಯರುಗಳು!

ಹಳೆಯ ಚಿಪ್ ಪ್ರೋಗ್ರಾಮರ್‌ಗಳು ಕಸ, ಅಂಗೈಯಗಲದ ಹೊಸ ಯುಎಸ್‌ಬಿ ಸಾಧನವೇ ಎಲ್ಲವನ್ನೂ ಓದುತ್ತದೆ ಎಂಬ ಮಾತನ್ನು ನಾವು ಕಟುವಾಗಿ ವಿರೋಧಿಸುತ್ತೇವೆ. ಡಬ್ಬಿಯಲ್ಲಿದ್ದ ಆರು ಇಂಟೆಲ್ 2716 ಚಿಪ್‌ಗಳನ್ನು ಆ ಸಾಧನ ಓದಿತು, ನಿಜ. ಉಳಿದ ಮೂರು 2708. ಅವಕ್ಕೆ ಐದು ವೋಲ್ಟ್ ಸಾಲದು; ಹನ್ನೆರಡು ವೋಲ್ಟ್ ಬೇಕು, ಋಣ ಐದು ವೋಲ್ಟೂ ಬೇಕು, ಆ ಋಣ ವೋಲ್ಟೇಜೇ ಎಲ್ಲಕ್ಕೂ ಮೊದಲು ಬರಬೇಕು. ಇಂದಿನ ಅಗ್ಗದ ಸಾಧನಗಳಲ್ಲಿ ಬಹುತೇಕವಕ್ಕೆ ಈ ಸಾಮರ್ಥ್ಯವಿಲ್ಲ. ಡೇಟಾ ಐ/ಓ ಕಂಪನಿಯ 29ಬಿಯಂತಹ ಹಳೆಯ ಯಂತ್ರಗಳನ್ನು ಕಟ್ಟಿದ್ದೇ ಆ ಕಾಲದ ಚಿಪ್‌ಗಳಿಗಾಗಿ. ಹೆಸರನ್ನು ನಂಬುವಂತೆಯೂ ಇಲ್ಲ: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್ 2716 ಕೂಡ ಮೂರು ವೋಲ್ಟೇಜ್ ಬೇಡುವ ಚಿಪ್. ಅದನ್ನು ಇಂಟೆಲ್‌ನ 2716 ಎಂದು ಭಾವಿಸಿ ಸಿಕ್ಕಿಸಿದರೆ ಓದುವ ಬದಲು ಸುಟ್ಟೇವು.

ಆತುರವೇಕೆಂದು ಕೇಳುವವರಿಗೆ ಒಂದು ಮಾತು. ಈಪ್ರಾಮ್ ಹುಟ್ಟಿದ್ದು ಇದೇ ಕಣಿವೆಯಲ್ಲಿ, 1971ರಲ್ಲಿ, ಇಂಟೆಲ್‌ನ ಡೋವ್ ಫ್ರೋಮನ್ ಅವರ ಕೈಯಲ್ಲಿ. ಅದರ ನೆನಪು ಎಂದರೆ ಸುತ್ತಲೂ ನಿರೋಧಕ ಪದರವಿರುವ ಪುಟ್ಟ ದ್ವಾರದಲ್ಲಿ ಸೆರೆಯಾದ ಎಲೆಕ್ಟ್ರಾನುಗಳು, ಅಷ್ಟೆ. ಅಳಿಸುವ ದೀಪದಡಿ ಸುಮಾರು 20 ನಿಮಿಷದಲ್ಲಿ ಅವು ಹೊರಬೀಳುತ್ತವೆ. ಚೀಟಿ ಕಿತ್ತುಹೋದರೆ ನೇರ ಬಿಸಿಲಿನಲ್ಲಿ ಒಂದು ವಾರ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಸುಮಾರು ಮೂರು ವರ್ಷ ಸಾಕೆಂದು ತಯಾರಕರೇ ಎಚ್ಚರಿಸಿದ್ದರು. ಚೀಟಿ ಇದ್ದರೂ ಸೋರಿಕೆ ನಿಲ್ಲದು. ತಾಳೆಗರಿಗೆ ಹುಳು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಒಂದು ಸೊನ್ನೆ ಸದ್ದಿಲ್ಲದೆ ಒಂದಾಗುತ್ತದೆ. ನಮ್ಮ ಆರರಲ್ಲಿ ಒಂದು ಚಿಪ್ ಎರಡು ಸಲ ಓದಿದಾಗ ಎರಡು ಬಗೆಯ ಉತ್ತರ ಕೊಟ್ಟಿತು. ವೋಲ್ಟೇಜನ್ನು ತುಸು ತಗ್ಗಿಸಿ ಹತ್ತು ಸಲ ಓದಿದೆವು, ಹತ್ತೂ ಹೊಂದಿಕೊಂಡವು. ಮುಂದಿನ ವರ್ಷವೂ ಹೀಗೆಯೇ ಆದೀತೆಂದು ನಾವು ಹೇಳಲಾರೆವು.

ಎಲ್ಲವೂ ಅಂತರಜಾಲದಲ್ಲಿದೆಯಲ್ಲ ಎಂಬುದು ಇನ್ನೊಂದು ವಾದ. ಜನಪ್ರಿಯ ಆಟಗಳದ್ದು ಇದೆ. ಹತ್ತಾರು ಉಪಕರಣಗಳಿಗೆ ಮಾತ್ರ ಬರೆದ ಪ್ರೋಗ್ರಾಮನ್ನು ಅಲ್ಲಿಗೆ ಯಾರು ಒಯ್ದಿಟ್ಟಾರು? ಕಾನೂನಿನ ಭಯವುಳ್ಳವರು ಅಮೆರಿಕದ ಹಕ್ಕುಸ್ವಾಮ್ಯ ಶಾಸನದ 117ನೆಯ ಕಲಮನ್ನು ಓದಬಹುದು. ತಮ್ಮ ಒಡೆತನದ ಪ್ರೋಗ್ರಾಂ ಪ್ರತಿಗೆ ಕಾಪುಪ್ರತಿ ಮಾಡಿಕೊಳ್ಳಲು ಅದು ಅವಕಾಶ ನೀಡುತ್ತದೆ.

"ಭಾಷೆ, ಸಂಸ್ಕೃತಿಗಳ ಸಂಘಕ್ಕೆ ಚಿಪ್‌ಗಳ ಗೊಡವೆ ಏಕೆ?" ಎಂದು ಸಮಿತಿಯ ಸಭೆಯಲ್ಲಿ ಕೆಲವರು ಕೇಳಿದರು. ಪ್ರತಿವರ್ಷ ರಾಜ್ಯೋತ್ಸವದ ವೇದಿಕೆಯಲ್ಲಿ ಈ ಕಣಿವೆಯನ್ನು ಕಟ್ಟಿದವರಲ್ಲಿ ಕನ್ನಡಿಗರೂ ಇದ್ದರೆಂದು ಚಪ್ಪಾಳೆ ಗಿಟ್ಟಿಸುವವರು ನಾವೇ ಅಲ್ಲವೇ? ಕಟ್ಟಿದ್ದರ ಕುರುಹು ಡಬ್ಬಿಯಲ್ಲಿ ಸಿಕ್ಕಿದಾಗ ಮಾತ್ರ ಅದು ಸಂಸ್ಕೃತಿಯಲ್ಲವೆನ್ನುವುದು ಯಾವ ನ್ಯಾಯ? (ಸ್ಮರಣ ಸಂಚಿಕೆಯ ಮಾರಾಟವಾಗದ ಪ್ರತಿಗಳಿಗೆ ನಮ್ಮ ಉಗ್ರಾಣದಲ್ಲಿ ಎಂದೂ ಜಾಗದ ಕೊರತೆಯಾಗಿಲ್ಲ.)

ಹಳೆಯ ಯಂತ್ರಗಳಿಗೂ ಆರೈಕೆ ಬೇಕೆಂಬುದನ್ನು ನಾವು ಮರೆತಿಲ್ಲ. ಅವುಗಳ ಕೆಪಾಸಿಟರ್‌ಗಳು ಒಣಗಿರುತ್ತವೆ; ಚಿಪ್ ಇಡುವ ಮೊದಲು ಮೂರೂ ವೋಲ್ಟೇಜ್‌ಗಳನ್ನು ಮೀಟರಿನಿಂದ ಅಳೆಯಲೇಬೇಕು. ಆ ಕೆಲಸ ಬಲ್ಲ ನಿವೃತ್ತರು ನಮ್ಮಲ್ಲೇ ಇದ್ದಾರೆ. ಇಂತಹ ಯಂತ್ರಗಳು ಸಿಗುತ್ತಿದ್ದ ಸನಿವೇಲ್‌ನ ವಿಯರ್ಡ್ ಸ್ಟಫ್ ಅಂಗಡಿ 2018ರಲ್ಲೇ ಮುಚ್ಚಿತು. ಇನ್ನುಳಿದಿರುವುದು ನಿಮ್ಮ ಗ್ಯಾರೇಜುಗಳು.

ಆ ಮೂರು 2708 ಚಿಪ್‌ಗಳು ಕಪ್ಪು ಸ್ಪಂಜಿನಲ್ಲಿ ಚುಚ್ಚಿಕೊಂಡು, ಚೀಟಿ ಸಮೇತ, ಸಂಘದ ಕಪಾಟಿನಲ್ಲಿವೆ. ನಿಮ್ಮಲ್ಲಿ ಪ್ರೋಗ್ರಾಮರ್ ಇದ್ದರೆ, ಕೆಟ್ಟಿದ್ದರೂ ಸರಿ, ಲಾರಿಯವರಿಗೆ ಕರೆ ಮಾಡುವ ಮೊದಲು ನಮಗೊಂದು ಕರೆ ಮಾಡಿ. ಹೊತ್ತು ತರಲು ನಾವು ನಾಲ್ವರೂ ಬರುತ್ತೇವೆ.