ಕೆರೆಯ ಒಳಹರಿವಿನ ಜೌಗು ಉಳಿಸಿಕೊಡುವಂತೆ ಮನವಿ ಪತ್ರ

ಇವರಿಗೆ:
ಮಾನ್ಯ ಆಯುಕ್ತರು, ನಗರ ಪಾಲಿಕೆ

ಇವರಿಂದ:
ಕೆರೆ ಬಳಕೆದಾರರು ಮತ್ತು ಬಡಾವಣೆ ನಿವಾಸಿಗಳ ಸಂಘ

ವಿಷಯ: ಕೆರೆ ಅಭಿವೃದ್ಧಿ ಕಾಮಗಾರಿಯಲ್ಲಿ ಜೌಗು ಮುಚ್ಚುತ್ತಿರುವುದನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ: ನಮ್ಮ ಹಿಂದಿನ ಮೂರು ಮನವಿಗಳು (ಸ್ವೀಕೃತಿ ಪ್ರತಿ ಲಗತ್ತಿಸಿದೆ).

ಮಾನ್ಯರೇ,

ಮೂರು ಮನವಿಗಳಿಗೂ "ಪರಿಶೀಲನೆಯಲ್ಲಿದೆ" ಎಂಬ ಒಂದೇ ಸಾಲಿನ ಹಿಂಬರಹ ಬಂದಿದೆ. ಪರಿಶೀಲನೆಯ ಜೊತೆಜೊತೆಗೆ ಕಾಮಗಾರಿಯೂ ನಡೆದು, ಅರ್ಧ ಜೌಗು ಈಗಾಗಲೇ ಕಲ್ಲುಕಟ್ಟಡದ ಅಡಿ ಸೇರಿದೆ. ಉಳಿದರ್ಧಕ್ಕಾಗಿ ಈ ನಾಲ್ಕನೇ ಮನವಿ.

1. ಜೌಗು: ರಾಜಕಾಲುವೆ ಕೆರೆ ಸೇರುವಲ್ಲಿ ಬೆಳೆದಿದ್ದ ಜೊಂಡು, ಆಪನ್ನು ಅಂದಾಜುಪಟ್ಟಿಯಲ್ಲಿ "ಕಳೆ" ಎಂದು ನಮೂದಿಸಲಾಗಿದೆ (ಲಗತ್ತು 1). ಆ ಕಳೆಯೇ ನೀರಿನ ಓಟ ತಗ್ಗಿಸಿ, ಹೂಳನ್ನು ಅಲ್ಲೇ ಕೂರಿಸಿ, ಸಾರಜನಕ, ರಂಜಕಗಳನ್ನು ಹೀರುತ್ತಿತ್ತು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರನ್ನೂ ಜೌಗಿನ ಮೂಲಕ ಹಾಯಿಸಿಯೇ ಕೆರೆಗೆ ಬಿಡುವ ವ್ಯವಸ್ಥೆ ಮಾಡಲಾಯಿತು. ತಮ್ಮ ಎಂಜಿನಿಯರುಗಳು ಅದನ್ನು ನೋಡಿಬಂದರೆಂದು ಕೇಳಿದೆವು. ಏನನ್ನು ನೋಡಿದರೋ ತಿಳಿಯದು.

ಮುಂಗಾರಿನಲ್ಲಿ ಜೆಸಿಬಿ ಇಳಿದ ದಿನ, ಟ್ರ್ಯಾಕ್ಟರಿಗೆ ತುಂಬಿದ ಜೊಂಡಿನ ರಾಶಿಯಲ್ಲಿ ಜಂಬುಕೋಳಿಯ ಗೂಡು ಮೊಟ್ಟೆ ಸಮೇತ ಇತ್ತು (ಲಗತ್ತು 2). ಮುಂದಿನ ಜೋರು ಮಳೆಯ ಮರುಬೆಳಗ್ಗೆ ತೂಬಿನ ಬಳಿ ಮೀನುಗಳು ಸತ್ತು ತೇಲಿದವು (ಲಗತ್ತು 3). ಮಾಹಿತಿ ಹಕ್ಕಿನಡಿ ನೀರಿನ ಪರೀಕ್ಷಾ ವರದಿ ಕೇಳಿದರೆ "ಕಡತದಲ್ಲಿ ಲಭ್ಯವಿಲ್ಲ" ಎಂಬ ಉತ್ತರ ಬಂತು (ಲಗತ್ತು 4). ಒಳಹರಿವಿಗೆ ಅಡ್ಡಿಪಡಿಸುವ ಬಗ್ಗೆ 2014ರ ಕೆರೆ ಸಂರಕ್ಷಣೆ ಅಧಿನಿಯಮ ಏನನ್ನುತ್ತದೆಂದು ತಮಗೆ ಹೇಳಿಕೊಡಲು ಹೊರಟರೆ ಉದ್ಧಟತನವಾದೀತು.

2. ಬೇಲಿ: ಹಿಂದೆ ಹಸು ಸಾಕಿದವರು ಜೊಂಡು ಕೊಯ್ದೊಯ್ಯುತ್ತಿದ್ದರು. ಕೊಯ್ದಂತೆ ಅದು ಚಿಗುರುತ್ತಿತ್ತು. ಅದು ಹೀರಿದ್ದೂ ಹೊರೆಯ ಜೊತೆ ಕೆರೆಯಿಂದಾಚೆ ಹೋಗುತ್ತಿತ್ತು. ಸರ್ಕಾರಕ್ಕೆ ಖರ್ಚಿಲ್ಲದ ನಿರ್ವಹಣೆ ಅದು. ಈಗ ಕೆರೆಯ ಸುತ್ತ ಬೇಲಿ ಬಂದಿದೆ. ವಾಯುವಿಹಾರಿಗಳಿಗೆ ಗೇಟು ತೆರೆಯುತ್ತದೆ, ಕುಡುಗೋಲು ಹಿಡಿದವರಿಗಿಲ್ಲ. ಗಂಗೆಪೂಜೆಗೆ ಬಂದ ಹೆಂಗಸರು ಕೊಡದಲ್ಲಿ ನಲ್ಲಿ ನೀರು ತಂದು ಬೇಲಿಯ ಬುಡದಲ್ಲೇ ಪೂಜೆ ಮುಗಿಸಿದರು.

3. ಇತರೆ: ದೀಪಗಳು ಉರಿಯುತ್ತಿಲ್ಲ, ಬೆಂಚುಗಳು ಮುರಿದಿವೆ, ಬೀದಿನಾಯಿಗಳ ಕಾಟವಿದೆ, ನಾಮಫಲಕದಲ್ಲಿ ಕಾಗುಣಿತ ತಪ್ಪಿದೆ.

ಆದಕಾರಣ ನಮ್ಮ ಬೇಡಿಕೆಗಳು:

ಅ) ಕಲ್ಲುಕಟ್ಟಡ ಕೂಡಲೇ ನಿಲ್ಲಿಸಿ, ಕಟ್ಟಿದ್ದನ್ನು ತೆಗೆಸಿ, ಮುಂದಿನ ಮುಂಗಾರಿನೊಳಗೆ ಜೊಂಡು, ಆಪು, ಲಾವಂಚ ನೆಡಿಸುವುದು.

ಆ) ಜೊಂಡು ಕೊಯ್ಯುವವರಿಗೆ ಗುರುತಿನ ಚೀಟಿ ನೀಡುವುದು, ನೀರಿಗಿಳಿಯಲು ಒಂದು ಕಡೆ ಮೆಟ್ಟಿಲು ಬಿಡುವುದು.

ಇ) ಹುಲ್ಲುಹಾಸಿನ ಬದಲು ದಡದಲ್ಲಿ ಹೊಂಗೆ, ಅತ್ತಿ, ನೇರಳೆ ಬೆಳೆಸುವುದು. ಸಸಿಗಳನ್ನು ಸ್ಥಳೀಯವಾಗಿಯೇ ಖರೀದಿಸುವುದು (ಸಂಘದ ಖಜಾಂಚಿಯವರ ನರ್ಸರಿಯಲ್ಲಿ ಸಿದ್ಧವಿವೆ).

ಈ) ಉದ್ದೇಶಿತ ಶೌಚಾಲಯವನ್ನು 2ನೇ ಅಡ್ಡರಸ್ತೆಯ ಮನೆಗಳೆದುರಿನಿಂದ ಬೇರೆಡೆಗೆ ಸ್ಥಳಾಂತರಿಸಿ, ಆ ಮನೆಗಳೆದುರು ಒಂದು ಗೇಟು ಒದಗಿಸುವುದು.

ಹದಿನೈದು ದಿನಗಳೊಳಗೆ ತಾವೇ ಖುದ್ದಾಗಿ ಸ್ಥಳ ಪರಿಶೀಲಿಸಬೇಕೆಂದು, ಈ ಸಲದ ಹಿಂಬರಹದಲ್ಲಿ ದಿನಾಂಕವೊಂದು ಇರಬೇಕೆಂದು ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು,
ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಸದಸ್ಯರು