ಕೊಂಡವನಿಗೆ ಸಿಗದ ಫರ್ಮ್‌ವೇರ್

ಬೈಂದೂರಿನ ಜಿನಸಿ ವ್ಯಾಪಾರಿಯೊಬ್ಬರು ಈಚೆಗೆ ನಮ್ಮ ಕಚೇರಿಗೆ ಬಂದಿದ್ದರು. 2018ರಲ್ಲಿ ಕೊಂಡ ಅವರ ಕಂಪ್ಯೂಟರು ಇಂದಿಗೂ ಗಟ್ಟಿಮುಟ್ಟಾಗಿದೆ. ಬಿಲ್ಲು, ಲೆಕ್ಕ, ಜಿ.ಎಸ್.ಟಿ. ಎಲ್ಲವೂ ಅದರಲ್ಲಿಯೇ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ವಿಂಡೋಸ್ 11 ಹಾಕಹೋದರೆ ‘ಟಿಪಿಎಂ 2.0 ಇಲ್ಲ’ ಎಂಬ ಉತ್ತರ. ಕುಂದಾಪುರದ ರಿಪೇರಿ ಹುಡುಗನು ಪರೀಕ್ಷಿಸಿ, ಆ ಸೌಕರ್ಯ ಯಂತ್ರದಲ್ಲಿಯೇ ಇದೆ, ಬೋರ್ಡಿನ ಫರ್ಮ್‌ವೇರ್ ಹಳತಾದುದರಿಂದ ಅದು ತೆರೆಯುತ್ತಿಲ್ಲ, ಹೊಸ ಫರ್ಮ್‌ವೇರ್ ತುಂಬಿದರೆ ಸಾಕು ಎಂದನಂತೆ. ಬೋರ್ಡು ತಯಾರಿಸಿದವರ ತಾಣದಲ್ಲಿ ಹುಡುಕಿದರೆ ಆ ಮಾದರಿಯ ಹೆಸರೇ ಇಲ್ಲ. ಫೋನು ಮಾಡಿದರೆ, ‘ಹಳೆಯ ಮಾಡೆಲ್, ಹೊಸತು ಕೊಳ್ಳಿ’ ಎಂಬ ಉಪದೇಶ.

‘ಮಾಷ್ಟ್ರೇ, ಯಂತ್ರ ಹಾಳಾಗಲೇ ಇಲ್ಲ. ಆದರೂ ಗುಜರಿಗೆ ಹಾಕಿ ಅಂತಾರಲ್ಲ?’ ಎಂದು ಅವರು ಕೇಳಿದರು. ಪ್ರಶ್ನೆ ಅವರೊಬ್ಬರದಲ್ಲ.

ಫರ್ಮ್‌ವೇರ್ ಎಂದರೆ ಬೋರ್ಡಿನ ಮೇಲಿನ ಸಣ್ಣ ಚಿಪ್ಪಿನಲ್ಲಿ ಬರೆದಿಟ್ಟ ಆಜ್ಞೆಗಳು. ಸ್ವಿಚ್ಚು ಹಾಕಿದೊಡನೆ ಯಂತ್ರವನ್ನು ಎಬ್ಬಿಸಿ, ಕೈಕಾಲು ಸರಿಯಿದೆಯೇ ಎಂದು ನೋಡಿ, ವಿಂಡೋಸಿಗೋ ಲಿನಕ್ಸಿಗೋ ಒಪ್ಪಿಸುವುದು ಅದರ ಕೆಲಸ. ಹಂಚಿನ ಕಾರ್ಖಾನೆಯ ಪ್ರೆಸ್ಸಿನ ಅಚ್ಚು ಸವೆದರೆ ಅದನ್ನು ನೋಡಿ ಇನ್ನೊಂದು ಅಚ್ಚು ಮಾಡಿಸಬಹುದು. ಇಲ್ಲಿ ಹಾಗಿಲ್ಲ. ಫರ್ಮ್‌ವೇರಿನ ಮೂಲ ಬರಹ ಕಂಪೆನಿಯ ತಿಜೋರಿಯಲ್ಲಿದೆ. ಎಷ್ಟೋ ಬೋರ್ಡುಗಳು ಕಂಪೆನಿಯ ಮುದ್ರೆಯಿಲ್ಲದ ಫರ್ಮ್‌ವೇರನ್ನು ಮುಟ್ಟುವುದೂ ಇಲ್ಲ. ಕಂಪೆನಿ ಕೈಬಿಟ್ಟ ದಿನ, ಎಷ್ಟೇ ನಿಪುಣನಾದ ಮೆಕ್ಯಾನಿಕನೂ ಕೈಕಟ್ಟಿ ನಿಲ್ಲಬೇಕು.

ಇದು ಊಹೆಯ ಮಾತಲ್ಲ. ಎಚ್‌ಪಿ ಕಂಪೆನಿಯು 2014ರ ಫೆಬ್ರವರಿಯಿಂದ ತನ್ನ ಪ್ರೊಲಯಂಟ್ ಸರ್ವರುಗಳ ಫರ್ಮ್‌ವೇರನ್ನು ವಾರಂಟಿ ಅಥವಾ ಸೇವಾ ಒಪ್ಪಂದ ಉಳ್ಳವರಿಗಷ್ಟೇ ಮೀಸಲಿರಿಸಿತು. ಇಂಟೆಲ್ 2019ರ ನವೆಂಬರಿನಲ್ಲಿ ತನ್ನ ಹಳೆಯ ಬೋರ್ಡುಗಳ ಬಯೋಸ್ ಕಡತಗಳನ್ನು ತಾಣದಿಂದಲೇ ತೆಗೆದುಹಾಕತೊಡಗಿತು.

‘ಎಂದೆಂದಿಗೂ ಹಳೆಯ ಸರಕನ್ನು ತಿದ್ದುತ್ತ ಕೂರಲಾದೀತೇ?’ ಎಂದು ಕಂಪೆನಿಗಳ ಪರವಾಗಿ ವಾದಿಸುವವರಿದ್ದಾರೆ. ಹೊಸದಾಗಿ ಬರೆಯಿರೆಂದು ಕೇಳಿದವರಾರು? ಬರೆದಾಗಿರುವುದನ್ನು ಅಳಿಸಬೇಡಿ ಎಂಬುದಷ್ಟೇ ಮಾತು. ಇಂತಹ ಒಂದು ಕಡತ ಸಾಮಾನ್ಯವಾಗಿ 16 ಅಥವಾ 32 ಎಂ.ಬಿ.; ಮದುವೆಮನೆಯಲ್ಲಿ ಫೋನಿನಿಂದ ತೆಗೆದ ನಾಲ್ಕಾರು ಫೋಟೋಗಳಷ್ಟು. ಅದನ್ನಿಡಲು ಇವರಿಗೆ ಜಾಗ ಸಾಲದಾಯಿತೆಂದರೆ ನಂಬಬೇಕೇ?

ನಮ್ಮ ಸಣ್ಣ ವ್ಯಾಪಾರಿ ಚಟಕ್ಕಾಗಿ ಕಂಪ್ಯೂಟರು ಕೊಂಡವನಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಿತು; ರಿಟರ್ನು ಸಲ್ಲಿಸಲು ಯಂತ್ರ ಬೇಕಾಯಿತು, ಸಾಲಮಾಡಿ ತಂದ. ಆ ಮೊದಲ ವರ್ಷ ಕೊಂಡವರ ಗತಿ ಇನ್ನೂ ಕಷ್ಟ. ಇಂಟೆಲಿನ ಏಳನೆಯ ಪೀಳಿಗೆಯ ಪ್ರೊಸೆಸರುಗಳು, ಒಂದೆರಡರ ಹೊರತು, ವಿಂಡೋಸ್ 11ರ ಪಟ್ಟಿಯಲ್ಲಿಯೇ ಇಲ್ಲ. ಫರ್ಮ್‌ವೇರ್ ಸಿಕ್ಕಿದರೂ ಪ್ರಯೋಜನವಿಲ್ಲ. ಅಂಥವರಿಗೆ ಲಿನಕ್ಸ್ ಒಂದು ದಾರಿ. ಆದರೆ ಅಂಗಡಿಯ ಲೆಕ್ಕದ ಪ್ರೋಗ್ರಾಮು ವಿಂಡೋಸಿಗೇ ಕಟ್ಟುಬಿದ್ದಿದ್ದರೆ ಆ ದಾರಿಯೂ ಸಲೀಸಲ್ಲ. ಗೇರುಬೀಜ ಕಾರ್ಖಾನೆಯ, ಅಕ್ಕಿ ಗಿರಣಿಯ ಕಾರ್ಮಿಕನು ಇದು ಸಾಹುಕಾರರ ತಲೆನೋವು ಎಂದುಕೊಳ್ಳಬಾರದು. ಅವನ ಹಾಜರಿ, ಪಿ.ಎಫ್., ಸಂಬಳದ ಲೆಕ್ಕ ಇಂತಹ ಪೆಟ್ಟಿಗೆಗಳಲ್ಲಿಯೇ ಇದೆ. ಮಗಳ ಕಾಲೇಜಿಗೆಂದು ಅವನು ತರುವುದೂ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪೇ.

ಕಾನೂನಿನಿಂದ ಇದನ್ನು ತಡೆಯಲು ಸಾಧ್ಯ. ಯುರೋಪಿನ ಒಕ್ಕೂಟವು 2019ರಲ್ಲಿ ಮಾಡಿದ ನಿಯಮದಂತೆ, 2021ರ ಮಾರ್ಚ್ 1ರಿಂದ, ಸರ್ವರು ತಯಾರಕರು ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಕನಿಷ್ಠ 8 ವರ್ಷ ಅದರ ಫರ್ಮ್‌ವೇರನ್ನು ಒದಗಿಸಬೇಕು. ಭದ್ರತೆಯ ತಿದ್ದುಪಡಿಗಳನ್ನಂತೂ ಪುಕ್ಕಟೆ ಕೊಡಬೇಕು. ನಮ್ಮ ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಎಂಬ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಬೋರ್ಡು ಹಾಕಿದ ಮಾತ್ರಕ್ಕೆ ಅಂಗಡಿಯಲ್ಲಿ ಸಾಮಾನು ತುಂಬುವುದಿಲ್ಲ. ಯುರೋಪಿನಲ್ಲಿ ಸರ್ವರಿಗೆ ದೊರೆತ 8 ವರ್ಷದ ರಕ್ಷಣೆ ಇಲ್ಲಿ ಅಂಗಡಿಯ ಕಂಪ್ಯೂಟರಿಗೂ ದೊರೆಯಬೇಕು. ಆಮೇಲೆ ಕಂಪೆನಿ ಕೈಬಿಡುವ ಕಡತಗಳನ್ನೆಲ್ಲ ಸರಕಾರಿ ಭಂಡಾರಕ್ಕೆ ಒಪ್ಪಿಸುವಂತೆ ಕಾಯಿದೆಯಾಗಬೇಕು.

ಅಲ್ಲಿಯವರೆಗೆ ಸ್ವಲ್ಪ ಜಾಗ್ರತೆ ಬೇಕು. ಬೋರ್ಡಿನ ಮೇಲೆ ಅಚ್ಚಾದ ಮಾದರಿಯ ಹೆಸರು, ಜೊತೆಗಿರುವ ರಿವಿಷನ್ ಸಂಖ್ಯೆ, ಎರಡನ್ನೂ ಬರೆದುಕೊಳ್ಳಿರಿ. ಒಂದೇ ಹೆಸರಿನ ಎರಡು ರಿವಿಷನ್ನುಗಳ ಫರ್ಮ್‌ವೇರ್ ಬೇರೆ ಬೇರೆ ಇರಬಹುದು. ಕಂಡಕಂಡ ತಾಣಗಳಿಂದ ಕಡತ ಇಳಿಸಿಕೊಳ್ಳಬಾರದು. ತುಂಬುವಾಗ ಕರೆಂಟು ಹೋದರೆ ಬೋರ್ಡು ಏಳದೆ ಮಲಗೀತು. ಆಷಾಢದ ಗಾಳಿಮಳೆಯಲ್ಲಿ ನಮ್ಮ ಕಡೆಯ ಕರೆಂಟನ್ನು ನಂಬಿ ಈ ಕೆಲಸಕ್ಕೆ ಕೈಹಾಕುವವರಿಗೆ ಯು.ಪಿ.ಎಸ್. ಇರಲೇಬೇಕು. ಮಲಗಿದ ಚಿಪ್ಪಿಗೆ ಹೊರಗಿನಿಂದ ಮತ್ತೆ ಬರೆಯುವ ಉಪಕರಣ ಕೆಲವು ರಿಪೇರಿ ಅಂಗಡಿಗಳಲ್ಲಿರುತ್ತದೆ. ಆದರೆ ಅದಕ್ಕೂ ಸರಿಯಾದ ಕಡತವೇ ಬೇಕು.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಹೀಗೆ ಫರ್ಮ್‌ವೇರ್ ಸಿಗದೆ ಮೂಲೆಸೇರಿದ ಯಂತ್ರಗಳುಳ್ಳವರು ಮಾದರಿಯ ಹೆಸರು, ಕೊಂಡ ವರ್ಷ, ಕಂಪೆನಿಯಿಂದ ಬಂದ ಉತ್ತರ, ಇವಿಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಬಿಲ್ಲು ಇದ್ದರೆ ಅದರ ಪ್ರತಿಯೂ ಇರಲಿ. ಪಟ್ಟಿಮಾಡಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಗೆ ಕಳುಹಿಸುತ್ತೇವೆ; ಬಂದ ಉತ್ತರವನ್ನು, ಬಾರದಿದ್ದರೆ ಬಾರದ ಸುದ್ದಿಯನ್ನು, ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ.